ಕೌಟಿಲೀಯ ಮತ್ತು ಆಧುನಿಕ ಅರ್ಥಶಾಸ್ತ್ರ: ಪೂರ್ವಸೂರಿಯ ಹುಡುಕಾಟದ ಸಮಸ್ಯೆ

ಕನ್ನಡದಲ್ಲಿ ‘ಅರ್ಥಶಾಸ್ತ್ರ’ ಎಂಬ ಒಂದೇ ಪದವು ಎರಡು ಬೇರೆಬೇರೆ ಸಂಗತಿಗಳನ್ನು ಸೂಚಿಸುತ್ತದೆ. ಒಂದು, ಕೌಟಿಲ್ಯನ ಹೆಸರಿನಲ್ಲಿ ಉಳಿದುಬಂದಿರುವ ಸಂಸ್ಕೃತ ಗ್ರಂಥ. ಇನ್ನೊಂದು, ಬೆಲೆ, ಉತ್ಪಾದನೆ, ಉದ್ಯೋಗ, ಹಣ ಮೊದಲಾದವನ್ನು ಕುರಿತು ವಿಶ್ವವಿದ್ಯಾಲಯಗಳಲ್ಲಿ ಬೋಧಿಸಲಾಗುವ ಆಧುನಿಕ ಜ್ಞಾನಶಾಖೆ. ಹಿಂದಿ, ಮರಾಠಿಗಳಲ್ಲಿಯೂ ಇದೇ ಸ್ಥಿತಿ. ಬಂಗಾಳಿಯು ‘ಅರ್ಥನೀತಿ’ ಎಂದೂ ತಮಿಳು ‘ಪೊರುಳಿಯಲ್’ ಎಂದೂ ಬೇರೆ ಪದಗಳನ್ನು ರೂಢಿಸಿಕೊಂಡವು. ಹಿಂದಿಯಲ್ಲಿಯೂ ಈ ಪದ ಮೊದಲಿನಿಂದ ನಿಶ್ಚಿತವಾಗಿರಲಿಲ್ಲ; ಮಹಾವೀರಪ್ರಸಾದ ದ್ವಿವೇದಿಯವರು ೧೯೦೮ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರು ‘ಸಂಪತ್ತಿಶಾಸ್ತ್ರ’. ಹೆಸರೊಂದೇ ಆದುದರಿಂದ ವಸ್ತುವೂ ಒಂದೇ ಇರಬೇಕೆಂಬ ಗ್ರಹಿಕೆ ಸುಲಭವಾಗಿ ಬೇರೂರಿತು. ಆಧುನಿಕ ಶಾಸ್ತ್ರದ ಮೂಲತತ್ತ್ವಗಳು ಪ್ರಾಚೀನ ಗ್ರಂಥದಲ್ಲಿ ಆಗಲೇ ಅಡಕವಾಗಿದ್ದವು ಎಂಬ ವಾದ ಈ ಗ್ರಹಿಕೆಯ ಮುಂದುವರಿಕೆ. ಆರ್ಥಿಕ ಚಿಂತನೆಯ ಇತಿಹಾಸ ಮತ್ತು ತತ್ತ್ವವಿಚಾರಗಳಲ್ಲಿ ಈಚೆಗೆ ನಡೆದಿರುವ ಸಂಶೋಧನೆಯೂ ಗ್ರಂಥಸಂಪಾದನೆಯ ಕ್ಷೇತ್ರದ ಹೊಸ ನಿರ್ಣಯಗಳೂ ಈ ವಾದವನ್ನು ಮರುಪರಿಶೀಲನೆಗೆ ಒಡ್ಡಿವೆ.

ಕೌಟಿಲೀಯವು ಬೆಳಕು ಕಂಡದ್ದು ಮೈಸೂರಿನಲ್ಲಿ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಗರಿ ಪ್ರತಿಯೊಂದನ್ನು, ಭಟ್ಟಸ್ವಾಮಿಯ ವ್ಯಾಖ್ಯಾನದ ಕೆಲವು ಭಾಗದೊಡನೆ, ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ (ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ) ಒಪ್ಪಿಸಿದ್ದರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರೀ ಅವರು ಅದರ ಮಹತ್ತ್ವವನ್ನು ಗುರುತಿಸಿ ೧೯೦೫ರಿಂದ ಅನುವಾದದ ಭಾಗಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು. ೧೯೦೯ರಲ್ಲಿ ಮೂಲಪಾಠ, ೧೯೧೫ರಲ್ಲಿ ಪೂರ್ಣ ಇಂಗ್ಲಿಷ್ ಅನುವಾದ ಹೊರಬಂದವು. ಅಲ್ಲಿಯವರೆಗೆ ಈ ಗ್ರಂಥದ ಅಸ್ತಿತ್ವವು ದಂಡಿ, ಬಾಣ, ಕಾಮಂದಕ ಮೊದಲಾದವರ ಉಲ್ಲೇಖಗಳಿಂದ ಮಾತ್ರ ತಿಳಿದಿತ್ತು.

ಶೋಧನೆಯ ಕಾಲವೂ ಮುಖ್ಯವಾದುದು. ಭಾರತೀಯರು ಪರಮಾರ್ಥಚಿಂತಕರೇ ಹೊರತು ಲೌಕಿಕ ವ್ಯವಹಾರವನ್ನು ಶಾಸ್ತ್ರವಾಗಿ ಚಿಂತಿಸಿದವರಲ್ಲ ಎಂಬ ವಸಾಹತುಶಾಹಿ ನಿರ್ಣಯ ಆಗ ಬಲವಾಗಿತ್ತು. ಬ್ರಿಟಿಷ್ ಅರ್ಥಶಾಸ್ತ್ರದ ಸೂತ್ರಗಳು ಭಾರತಕ್ಕೆ ಹಾಗೆಯೇ ಅನ್ವಯಿಸುವುದಿಲ್ಲವೆಂದು ಮಹಾದೇವ ಗೋವಿಂದ ರಾನಡೆಯವರು ೧೮೯೨ರಲ್ಲಿ ಪುಣೆಯ ಉಪನ್ಯಾಸದಲ್ಲಿ ವಾದಿಸಿದ್ದರು. ಭಾರತೀಯವಾದ ಆರ್ಥಿಕ ಚಿಂತನೆ ಬೇಕೆಂಬ ಹಂಬಲ ಮೊದಲು ಹುಟ್ಟಿತು, ಗ್ರಂಥ ಆಮೇಲೆ ದೊರೆಯಿತು. ಆದ್ದರಿಂದ ಅದನ್ನು ಉತ್ತರಪತ್ರಿಕೆಯಂತೆ ಓದಿದುದು ಸಹಜವೇ ಆಗಿತ್ತು. ಸಹಜವಲ್ಲದ ಸಂಗತಿಯೆಂದರೆ, ಪ್ರಶ್ನೆ ಕೇಳಿದವರು ಹೊರಟುಹೋದ ಬಳಿಕವೂ ಆ ಓದು ಮುಂದುವರಿದದ್ದು. ೧೯೯೬ರಲ್ಲಿ ವಾಲ್ಡಾವರ್, ಜಾಹ್ಕಾ ಮತ್ತು ಪಾಲ್ ಎಂಬ ಮೂವರು ವಿದ್ವಾಂಸರು ಕೌಟಿಲ್ಯನನ್ನು ಅಭಿಜಾತ ಅರ್ಥಶಾಸ್ತ್ರದ ಅಲಕ್ಷಿತ ಪೂರ್ವಸೂರಿಯೆಂದು ಕರೆದರು. ಬಲ್ಬೀರ್ ಸಿಹಾಗ್ ಅವರು ೨೦೧೪ರ ತಮ್ಮ ಗ್ರಂಥದ ಶೀರ್ಷಿಕೆಯಲ್ಲಿಯೇ ಅವನನ್ನು ಅರ್ಥಶಾಸ್ತ್ರದ ನಿಜವಾದ ಸ್ಥಾಪಕನೆಂದು ಘೋಷಿಸಿದರು.

ಇಂತಹ ವಾದದಲ್ಲಿರುವ ತಾತ್ತ್ವಿಕ ತೊಡಕನ್ನು ಕ್ವೆಂಟಿನ್ ಸ್ಕಿನ್ನರ್ ಅವರು ೧೯೬೯ರ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದ್ದಾರೆ. ಮುಂದಿನ ಕಾಲದಲ್ಲಿ ರೂಪುಗೊಂಡ ಸಿದ್ಧಾಂತವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದಿನ ಲೇಖಕನನ್ನು ಓದುವವನು, ಅಲ್ಲಲ್ಲಿ ಚದುರಿದ ಮಾತುಗಳನ್ನು ಕೂಡಿಸಿ ಆ ಲೇಖಕನಿಗೂ ಅದೇ ಸಿದ್ಧಾಂತವಿತ್ತೆಂದು ತೋರಿಸಬಲ್ಲನು. ಆದರೆ ಆ ಲೇಖಕ ತನ್ನ ಕಾಲದಲ್ಲಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದನೆಂಬುದು ಮರೆಯಾಗುತ್ತದೆ. ಕೌಟಿಲೀಯದ ಮಟ್ಟಿಗೆ ಈ ಮರೆವಿನಿಂದ ಆಗುವ ನಷ್ಟ ಎಷ್ಟೆಂಬುದು ನಿದರ್ಶನಗಳಿಂದಲೇ ತಿಳಿಯಬೇಕು.

ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವಿದೆ. ವರ್ತಕನು ಸುಂಕದ ಕಟ್ಟೆಯ ಬಳಿ ತನ್ನ ಸರಕಿನ ಪ್ರಮಾಣವನ್ನೂ ಬೆಲೆಯನ್ನೂ ಸಾರಬೇಕು. ಕೊಳ್ಳುವವರು ಯಾರೆಂದು ಮೂರು ಬಾರಿ ಕೂಗಿದ ಮೇಲೆ ಬೇಡಿದವರಿಗೆ ಕೊಡಬೇಕು. ಕೊಳ್ಳುವವರು ಪರಸ್ಪರ ಪೈಪೋಟಿಗಿಳಿದು ಬೆಲೆ ಏರಿದರೆ, ಏರಿದ ಆ ಭಾಗ ಸುಂಕದೊಡನೆ ರಾಜಕೋಶಕ್ಕೆ ಸಲ್ಲಬೇಕು. ಬೇಡಿಕೆ ಹೆಚ್ಚಿದರೆ ಬೆಲೆ ಏರುವುದೆಂಬ ತಿಳಿವಳಿಕೆ ಇಲ್ಲಿರುವುದು ನಿಜ. ಪೂರ್ವಸೂರಿಯನ್ನು ಅರಸುವವರು ಇಷ್ಟನ್ನು ಎತ್ತಿಕೊಂಡು ತೃಪ್ತರಾಗುತ್ತಾರೆ. ಆದರೆ ಯಾವ ಸಂತೆಯ ವ್ಯಾಪಾರಿಗೂ ಗೊತ್ತಿರುವ ಈ ಸಂಗತಿಯನ್ನು ನಿರೂಪಿಸುವುದು ವಿಧಿಯ ಉದ್ದೇಶವಲ್ಲ. ಏರಿದ ಬೆಲೆ ಯಾರಿಗೆ ಸೇರಬೇಕು ಎಂಬುದು ಅಲ್ಲಿಯ ಪ್ರಶ್ನೆ. ಮಾರುವವನು ಮೊದಲು ತಾನೇ ಹೇಳಿದ ಬೆಲೆಯಷ್ಟಕ್ಕೆ ಹಕ್ಕುದಾರ. ಪೈಪೋಟಿಯಿಂದ ಹುಟ್ಟಿದ ಹೆಚ್ಚಳದಲ್ಲಿ ಅವನ ಶ್ರಮವಾಗಲಿ ಬಂಡವಾಳವಾಗಲಿ ಇಲ್ಲ ಎಂಬ ನ್ಯಾಯ ಇದರ ಹಿಂದೆ ಇರುವಂತೆ ತೋರುತ್ತದೆ. ಆಧುನಿಕ ಅರ್ಥಶಾಸ್ತ್ರದಲ್ಲಿ ಏರುವ ಬೆಲೆಯು ಉತ್ಪಾದಕನಿಗೆ ದೊರೆಯುವ ಸಂಕೇತ. ಅದು ಅವನ ಕೈಸೇರದಿದ್ದರೆ ಸಂಕೇತಕ್ಕೆ ಬೆಲೆಯಿಲ್ಲ. ಒಂದೇ ವಿದ್ಯಮಾನವನ್ನು ಕಂಡ ಎರಡು ಶಾಸ್ತ್ರಗಳು ಅದರಿಂದ ಕೇಳಿಕೊಂಡ ಪ್ರಶ್ನೆಗಳು ಇಷ್ಟು ದೂರದವು.

ಲಾಭದ ವಿಚಾರವೂ ಹೀಗೆಯೇ. ಸ್ವದೇಶದ ಸರಕಿಗೆ ನೂರಕ್ಕೆ ೫, ಪರದೇಶದ ಸರಕಿಗೆ ನೂರಕ್ಕೆ ೧೦ರಷ್ಟು ಲಾಭವನ್ನು ನಾಲ್ಕನೆಯ ಅಧಿಕರಣ ನಿಗದಿಪಡಿಸುತ್ತದೆ, ಮೀರಿದವರಿಗೆ ದಂಡವುಂಟು. ದೂರದಿಂದ ಬಂದ ಸರಕಿಗೆ ಬೆಲೆ ಕಟ್ಟುವಾಗ ಹೂಡಿದ ಹಣ, ಉತ್ಪನ್ನದ ಪ್ರಮಾಣ, ಸುಂಕ, ಬಡ್ಡಿ, ಬಾಡಿಗೆ, ಇತರ ವೆಚ್ಚ ಎಲ್ಲವನ್ನೂ ಅಧಿಕಾರಿ ಲೆಕ್ಕಹಾಕಬೇಕು. ಪ್ರಜೆಗಳಿಗೆ ಹಾನಿ ತರುವ ಲಾಭ ಎಷ್ಟೇ ದೊಡ್ಡದಾದರೂ ಅರಸನಿಗೆ ವರ್ಜ್ಯವೆಂಬ ಮಾತೂ ಪಣ್ಯಾಧ್ಯಕ್ಷನ ಅಧ್ಯಾಯದಲ್ಲಿ ಬರುತ್ತದೆ. ಇವುಗಳನ್ನು ಮುಕ್ತ ಮಾರುಕಟ್ಟೆಯ ಪೂರ್ವಸೂಚನೆಯೆಂದು ಓದುವುದು ಎಷ್ಟು ಕಷ್ಟವೋ, ಆಧುನಿಕ ಯೋಜಿತ ಆರ್ಥಿಕತೆಯ ಬೀಜವೆಂದು ಓದುವುದೂ ಅಷ್ಟೇ ಕಷ್ಟ. ಎರಡೂ ಓದುಗಳು ಬಂದುಹೋಗಿವೆ. ಓದಿದವರ ಕಾಲದ ರಾಜಕೀಯವನ್ನು ತಿಳಿಯಲು ಅವು ಒಳ್ಳೆಯ ಆಕರಗಳು.

ಆ್ಯಡಮ್ ಸ್ಮಿತ್‌ನೊಡನೆ ಮಾಡಲಾಗುವ ಹೋಲಿಕೆಯಲ್ಲಿ ಇನ್ನೊಂದು ವಿಪರ್ಯಾಸವಿದೆ. ಹೋಲಿಸುವವರ ಮನಸ್ಸಿನಲ್ಲಿರುವ ಸ್ಮಿತ್ ೨೦ನೆಯ ಶತಮಾನದ ಪಠ್ಯಪುಸ್ತಕಗಳು ನಿರ್ಮಿಸಿದವನು. ಡೊನಾಲ್ಡ್ ವಿಂಚ್ (೧೯೭೮), ಎಮ್ಮಾ ರಾಥ್‌ಚೈಲ್ಡ್ (೨೦೦೧) ಮೊದಲಾದ ಇತಿಹಾಸಕಾರರು ಆ ಸ್ಮಿತ್‌ನನ್ನು ಕಳಚಿ ೧೮ನೆಯ ಶತಮಾನದ ಸ್ಮಿತ್‌ನನ್ನು ಮುಂದಿಟ್ಟಿದ್ದಾರೆ. ೧೭೭೬ರ ‘ವೆಲ್ತ್ ಆಫ್ ನೇಷನ್ಸ್’ನ ನಾಲ್ಕನೆಯ ಭಾಗದ ಆರಂಭದಲ್ಲಿ ಅವನು ತನ್ನ ಶಾಸ್ತ್ರವನ್ನು ರಾಜ್ಯಸೂತ್ರಧಾರನ ವಿದ್ಯೆಯ ಒಂದು ಶಾಖೆಯೆಂದೇ ಕರೆಯುತ್ತಾನೆ; ಜನರಿಗೆ ಸಮೃದ್ಧ ಜೀವನೋಪಾಯ, ಪ್ರಭುತ್ವಕ್ಕೆ ಸಾಕಷ್ಟು ಆದಾಯ, ಇವೆರಡು ಅದರ ಗುರಿಗಳು. ಕೌಟಿಲೀಯದ ಕೊನೆಯ ಅಧಿಕರಣವು ಮನುಷ್ಯರ ವೃತ್ತಿ, ಎಂದರೆ ಜೀವನೋಪಾಯವನ್ನು, ಅರ್ಥವೆಂದು ಕರೆದು, ಮನುಷ್ಯರಿಂದ ಕೂಡಿದ ಭೂಮಿಗೆ ಆ ಹೆಸರನ್ನು ವಿಸ್ತರಿಸಿ, ಆ ಭೂಮಿಯ ಗಳಿಕೆ ಮತ್ತು ಪಾಲನೆಗಳ ಉಪಾಯವನ್ನು ಅರ್ಥಶಾಸ್ತ್ರವೆನ್ನುತ್ತದೆ. ಈ ಎರಡು ಲಕ್ಷಣಗಳ ನಡುವಿನ ಅಂತರಕ್ಕಿಂತ, ಸ್ಮಿತ್‌ನಿಗೂ ವಿರಳ ಸಾಧನಗಳ ಆಯ್ಕೆಯೇ ಅರ್ಥಶಾಸ್ತ್ರದ ವಿಷಯವೆಂದು ೧೯೩೨ರಲ್ಲಿ ಹೇಳಿದ ಲಯನೆಲ್ ರಾಬಿನ್ಸ್ ಅವರಿಗೂ ಇರುವ ಅಂತರ ಹಿರಿದು. ಕೌಟಿಲ್ಯನು ಸ್ಮಿತ್‌ನಿಗೆ ಹತ್ತಿರವಾಗುವುದು ಇಬ್ಬರೂ ಆಧುನಿಕರಲ್ಲವೆಂಬ ಕಾರಣದಿಂದ!

‘ಆರ್ಥಿಕತೆ’ ಎಂಬ, ತನ್ನದೇ ಗತಿಯುಳ್ಳ, ಅಳೆಯಬಹುದಾದ, ರಾಜ್ಯದಿಂದ ಬೇರೆಯಾದ ವಸ್ತುವೊಂದಿದೆಯೆಂಬ ಭಾವನೆ ೧೯೩೦–೫೦ರ ದಶಕಗಳ ನಡುವೆ ರೂಪುಗೊಂಡಿತೆಂದು ತಿಮೋತಿ ಮಿಚೆಲ್ ಅವರು ೧೯೯೦ರ ದಶಕದಿಂದ ವಾದಿಸುತ್ತ ಬಂದಿದ್ದಾರೆ. ರಾಷ್ಟ್ರೀಯ ಆದಾಯದ ಗಣನೆ ಅದಕ್ಕೆ ಆಧಾರ. ಭಾರತದಲ್ಲಿ ಈ ಗಣನೆಗೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಪ್ರಮುಖರು, ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದ ವಿ.ಕೆ.ಆರ್.ವಿ. ರಾವ್, ೧೯೩೧–೩೨ರ ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನು ಅವರು ಅಂದಾಜು ಮಾಡಿದರು. ಕೌಟಿಲೀಯದ ‘ಗೋಪ’ನೂ ಎಣಿಸುತ್ತಾನೆ. ಪ್ರತಿ ಗ್ರಾಮದಲ್ಲಿ ಉಳುವವರು, ದನಗಾಹಿಗಳು, ವರ್ತಕರು, ಕುಶಲಕರ್ಮಿಗಳು, ಕೂಲಿಗಳು, ದಾಸರು, ಜಾನುವಾರುಗಳು ಎಷ್ಟೆಂದು ಬರೆದಿಡುತ್ತಾನೆ. ಜೊತೆಗೆ ಪ್ರತಿ ಮನೆಯಿಂದ ಎಷ್ಟು ಹೊನ್ನು, ಬಿಟ್ಟಿದುಡಿಮೆ, ಸುಂಕ, ದಂಡ ಬರುವುದೆಂದೂ ಬರೆಯುತ್ತಾನೆ. ಅವನು ಕೂಡಿಸುವುದು ಜನರ ಒಟ್ಟು ಆದಾಯವನ್ನಲ್ಲ, ಜನರ ಮೇಲಿರುವ ಅರಸನ ಹಕ್ಕುಗಳನ್ನು.

ಪೂರ್ವಸೂರಿಯ ಹುಡುಕಾಟದಲ್ಲಿ ಕೈಜಾರಿಹೋಗುವುದೇನೆಂಬುದಕ್ಕೆ ಸೂತ್ರಾಧ್ಯಕ್ಷನ ಅಧ್ಯಾಯಕ್ಕಿಂತ ಉತ್ತಮ ಸಾಕ್ಷಿ ಸಿಗದು. ಉಣ್ಣೆ, ನಾರು, ಹತ್ತಿಗಳನ್ನು ಯಾರಿಂದ ನೂಲಿಸಬೇಕೆಂದು ಗ್ರಂಥ ಪಟ್ಟಿ ಕೊಡುತ್ತದೆ: ವಿಧವೆಯರು, ಅಂಗವಿಕಲೆಯರು, ಕನ್ಯೆಯರು, ಸಂನ್ಯಾಸಿನಿಯರು, ದಂಡದ ಹಣವನ್ನು ದುಡಿಮೆಯಿಂದ ತೀರಿಸುವವರು, ವೇಶ್ಯೆಯರ ತಾಯಂದಿರು, ಅರಮನೆಯ ವೃದ್ಧದಾಸಿಯರು, ಸೇವೆಯಿಂದ ನಿವೃತ್ತರಾದ ದೇವದಾಸಿಯರು. ಮನೆಯಿಂದ ಹೊರಬರದ ಹೆಂಗಸರಿಗೆ ಅಧ್ಯಕ್ಷನು ತನ್ನ ದಾಸಿಯರ ಮೂಲಕ ಕೆಲಸ ಕಳುಹಿಸಬೇಕು. ನೂಲುಶಾಲೆಗೆ ತಾವೇ ಬರುವವರು ಮುಂಜಾವಿನಲ್ಲಿ ನೂಲನ್ನೊಪ್ಪಿಸಿ ಕೂಲಿ ಪಡೆಯಬೇಕು. ದೀಪವಿರುವುದು ನೂಲಿನ ಪರೀಕ್ಷೆಗೆ ಮಾತ್ರ. ಹೆಂಗಸಿನ ಮುಖ ನೋಡಿದರೆ, ಬೇರೆ ಮಾತಾಡಿದರೆ ಅಧಿಕಾರಿಗೆ ಪ್ರಥಮ ಸಾಹಸದಂಡ. ಕೂಲಿ ಕೊಡಲು ತಡಮಾಡಿದರೆ ಅದಕ್ಕಿಂತ ಭಾರವಾದ ಮಧ್ಯಮ ದಂಡ. ಕೂಲಿ ಪಡೆದು ಕೆಲಸ ಮಾಡದವಳಿಗಾದರೋ ಹೆಬ್ಬೆರಳು ಕೂಡಿದ ಬೆರಳ ಹಿಡಿತವನ್ನೇ ಕತ್ತರಿಸುವ ಶಿಕ್ಷೆ. ನೂಲುವವಳಿಗೆ ಅಲ್ಲಿಗೆ ಬದುಕೇ ಮುಗಿಯಿತು. ಈ ಅಧ್ಯಾಯವನ್ನು ಶ್ರಮದ ಪ್ರೋತ್ಸಾಹ ಸಿದ್ಧಾಂತವೆಂದೋ ಸಾಮಾಜಿಕ ಭದ್ರತೆಯೆಂದೋ ಹೆಸರಿಸಿದ ಕೂಡಲೇ ಕರುಣೆ, ಲೆಕ್ಕಾಚಾರ, ಕ್ರೌರ್ಯಗಳು ಒಂದೇ ವಾಕ್ಯಸರಣಿಯಲ್ಲಿ ಹೆಣೆದುಕೊಂಡಿರುವ ಬಗೆ ಕಣ್ಮರೆಯಾಗುತ್ತದೆ. ಪುರುಷರ ಆಶ್ರಯ ತಪ್ಪಿದ ಹೆಂಗಸರ ಜೀವನೋಪಾಯವನ್ನು ಇಷ್ಟು ವಿವರವಾಗಿ ಚಿಂತಿಸಿದ ಭಾಗಕ್ಕೆ ಪೂರ್ವಸೂರಿವಾದದ ಬರಹಗಳಲ್ಲಿ ಸಿಕ್ಕಿರುವ ಸ್ಥಳ ಅಲ್ಪ.

ಗ್ರಂಥದ ಕಾಲ ಮತ್ತು ಕರ್ತೃತ್ವಗಳ ಚರ್ಚೆ ಹಳೆಯದು. ಶಾಮಶಾಸ್ತ್ರೀ ಅವರೂ ೧೯೬೦ರ ದಶಕದಲ್ಲಿ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದ ಆರ್.ಪಿ. ಕಂಗಲೆಯವರೂ ಇದನ್ನು ಚಂದ್ರಗುಪ್ತ ಮೌರ್ಯನ ಸಚಿವನ ಕೃತಿಯೆಂದೇ ಭಾವಿಸಿದರು. ಥಾಮಸ್ ಟ್ರೌಟ್‌ಮನ್ ಅವರು ೧೯೭೧ರಲ್ಲಿ ‘ಚ’, ‘ವಾ’, ‘ಏವ’ಗಳಂತಹ ಸಣ್ಣ ಅವ್ಯಯಗಳ ಬಳಕೆಯನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ಎಣಿಸಿ, ದೊಡ್ಡ ಅಧಿಕರಣಗಳು ಬೇರೆಬೇರೆ ಕೈಗಳವೆಂದು ತೋರಿಸಿದರು. ಲೇಖಕನು ಗಮನಿಸದೆಯೇ ಬಳಸುವ ಪದಗಳಲ್ಲಿ ಅವನ ಗುರುತು ಉಳಿಯುತ್ತದೆಂಬುದು ಈ ವಿಧಾನದ ತಳಹದಿ. ಪ್ಯಾಟ್ರಿಕ್ ಒಲಿವೆಲ್ ಅವರು ೨೦೧೩ರ ಅನುವಾದದಲ್ಲಿ, ಅಲೆಕ್ಸಾಂಡ್ರಿಯಾದ ಹವಳದ ಉಲ್ಲೇಖವೇ ಮೊದಲಾದ ಆಧಾರಗಳಿಂದ, ಕೌಟಿಲ್ಯನ ರಚನೆಯನ್ನು ಕ್ರಿ.ಶ. ೫೦–೧೨೫ರ ಸುಮಾರಿಗೂ, ಶಾಸ್ತ್ರೀಯ ಪರಿಷ್ಕರಣವನ್ನು ಕ್ರಿ.ಶ. ೧೭೫–೩೦೦ರ ನಡುವೆಯೂ ಇರಿಸಿದರು. ಮಾರ್ಕ್ ಮೆಕ್ಲಿಶ್ ಅವರ ೨೦೧೯ರ ಅಧ್ಯಯನ ಈ ಪದರಗಳ ವಿಶ್ಲೇಷಣೆಯನ್ನು ಮುಂದುವರಿಸಿತು. ಮೌರ್ಯರ ಕೇಂದ್ರೀಕೃತ ಆರ್ಥಿಕ ವ್ಯವಸ್ಥೆಯ ವರ್ಣನೆಗೆ ಈ ಗ್ರಂಥವನ್ನು ನೇರ ಸಾಕ್ಷಿಯಾಗಿ ಬಳಸಿದ ಪಠ್ಯಪುಸ್ತಕಗಳ ಪುಟಗಳು ಇದರಿಂದ ಆಧಾರ ಕಳೆದುಕೊಳ್ಳುತ್ತವೆ. ಗ್ರಂಥದ ಕಣ್ಣಮುಂದಿರುವುದು ಸಾಮ್ರಾಜ್ಯವಲ್ಲ, ಸರಿಸಮಾನ ಶತ್ರುಮಿತ್ರರ ನಡುವಿನ ಸಾಧಾರಣ ಗಾತ್ರದ ರಾಜ್ಯ.

ಅನುವಾದಗಳ ಪಾತ್ರವನ್ನೂ ಕಡೆಗಣಿಸುವಂತಿಲ್ಲ. ಶಾಮಶಾಸ್ತ್ರೀ ಅವರ ಇಂಗ್ಲಿಷಿನಲ್ಲಿ ಸಮಾಹರ್ತೃವು ‘ಕಲೆಕ್ಟರ್ ಜನರಲ್’ ಆಗಿ, ಅಧ್ಯಕ್ಷರು ‘ಸೂಪರಿಂಟೆಂಡೆಂಟ್’ಗಳಾಗಿ ಕಾಣಿಸಿಕೊಂಡರು, ಪ್ರಾಚೀನ ರಾಜ್ಯಕ್ಕೆ ಬ್ರಿಟಿಷ್ ಭಾರತದ ಕಚೇರಿಯ ಚಹರೆ ಬಂದಿತು. ಎಲ್.ಎನ್. ರಂಗರಾಜನ್ ಅವರ ೧೯೯೨ರ ಆವೃತ್ತಿ ಸೂತ್ರಗಳ ಮೂಲಕ್ರಮವನ್ನು ಬಿಟ್ಟು ವಿಷಯಾನುಸಾರವಾಗಿ ಜೋಡಿಸಿತು. ಸಾಮಾನ್ಯ ಓದುಗರಿಗೆ ಅದು ಉಪಕಾರವೇ. ಆದರೆ ಬೇರೆಬೇರೆ ಪದರಗಳ ಮಾತುಗಳು ಒಂದೇ ಶೀರ್ಷಿಕೆಯಡಿ ಸೇರಿದಾಗ, ಇಲ್ಲದ ಸಿದ್ಧಾಂತವೊಂದು ಇದ್ದಂತೆ ತೋರುವುದು ಅನಿವಾರ್ಯ.

ಹಾಗಾದರೆ ಕೌಟಿಲೀಯವನ್ನು ತಮ್ಮದೇ ಶಾಸ್ತ್ರಪರಂಪರೆಯ ಗ್ರಂಥವಾಗಿ ಓದಿದ ಹಿಂದಿನವರು ಅದರಿಂದ ಏನನ್ನು ಪಡೆದರು? ಕಾಮಂದಕನು ತನ್ನ ‘ನೀತಿಸಾರ’ದಲ್ಲಿ ಅಧ್ಯಕ್ಷರ ಆಡಳಿತವಿವರಗಳನ್ನೂ ವ್ಯವಹಾರವಿಧಿಗಳನ್ನೂ ಕೈಬಿಟ್ಟನು, ಇಂದಿನ ಅರ್ಥಶಾಸ್ತ್ರಜ್ಞರನ್ನು ಸೆಳೆಯುವ ಭಾಗಗಳೇ ಅವನಿಗೆ ಬೇಡವಾದವು. ೯೫೯ರಲ್ಲಿ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ, ಎಂದರೆ ಪಂಪನ ಆಶ್ರಯದಾತನಾದ ಅರಿಕೇಸರಿಯ ಮನೆತನದಲ್ಲಿಯೇ, ‘ಯಶಸ್ತಿಲಕ ಚಂಪೂ’ವನ್ನು ಮುಗಿಸಿದ ಜೈನಾಚಾರ್ಯ ಸೋಮದೇವಸೂರಿಯು ತನ್ನ ‘ನೀತಿವಾಕ್ಯಾಮೃತ’ದಲ್ಲಿ ವಾರ್ತೆಗೆ, ಎಂದರೆ ಕೃಷಿ, ಪಶುಪಾಲನೆ, ವಾಣಿಜ್ಯಗಳಿಗೆ, ಚಿಕ್ಕದೊಂದು ಸಮುದ್ದೇಶವನ್ನು ಮೀಸಲಿಟ್ಟಿದ್ದಾನೆ. ಸುಂಕದ ಕಟ್ಟೆಯ ಆ ಹಳೆಯ ವಿಧಿ ಅಲ್ಲಿ ಮತ್ತೆ ಕಾಣಿಸುತ್ತದೆ: ಪೈಪೋಟಿಯಿಂದ ಏರಿದ ಬೆಲೆ ಅರಸನಿಗೆ, ಯಥೋಚಿತವಾದ ಬೆಲೆ ಮಾರಿದವನಿಗೆ.