ಸೂಜಿ ಚರ್ಮದೊಳಗೆ ಇಳಿಯುವುದು ಹೇಗೆ?

"ಸಿಸ್ಟರ್, ಒಂದ್ಸಲ ಚುಚ್ಚಿದ್ದೇ ಗೊತ್ತಾಗಲ್ಲ, ಇನ್ನೊಂದ್ಸಲ ಜೀವ ಹೋದಂಗಾಗುತ್ತೆ, ಯಾಕೆ?" ವಾರ್ಡಿನಲ್ಲಿ ಬಹಳ ಜನ ಕೇಳುವ ಪ್ರಶ್ನೆ ಇದು. ಕೈಗುಣ ಎನ್ನುವವರಿದ್ದಾರೆ. ಅದೂ ನಿಜ. ಆದರೆ ಹೆಚ್ಚಿನ ಕಾರಣ ಸೂಜಿಯ ಮೊನೆಯಲ್ಲಿದೆ.

ನಮ್ಮ ಚರ್ಮದ ಮೇಲ್ಭಾಗದಲ್ಲಿ ಕಾಗದಕ್ಕಿಂತ ತೆಳುವಾದ ಗಡುಸು ಹೊದಿಕೆ ಇದೆ. ಅದರ ಕೆಳಗೆ ನಾರುಗಳು ಹೆಣೆದುಕೊಂಡ ಬಲವಾದ ಪದರ, ಅದರಡಿಯಲ್ಲಿ ಮೆತ್ತನೆಯ ಕೊಬ್ಬು. ಸೂಜಿ ಇಳಿಯುವಾಗ ಒಳಗೆ ಏನಾಗುತ್ತದೆಂದು ಕಣ್ಣಿಂದ ನೋಡಲಾಗದು. ಆದ್ದರಿಂದ ಇಂಜಿನಿಯರುಗಳು ಕಂಪ್ಯೂಟರಿನಲ್ಲಿ ಚರ್ಮವನ್ನು ಸಾವಿರಾರು ಸಣ್ಣ ತುಂಡುಗಳಾಗಿ ಚಿತ್ರಿಸಿ, ಪ್ರತಿ ತುಂಡಿಗೂ ಆಯಾ ಪದರದ ಗಟ್ಟಿತನ, ಹಿಗ್ಗುವ ಗುಣ ಕೊಡುತ್ತಾರೆ. ನಂತರ ಸೂಜಿಯನ್ನು ಚೂರು ಚೂರೇ ಇಳಿಸುತ್ತಾ ಯಾವ ತುಂಡಿನ ಮೇಲೆ ಎಷ್ಟು ಒತ್ತಡ ಬಿತ್ತೆಂದು ಲೆಕ್ಕ ಹಾಕುತ್ತಾರೆ. ವಿಮಾನದ ರೆಕ್ಕೆ, ಸೇತುವೆಗಳ ಬಲ ನೋಡುವ ವಿಧಾನವೇ ಇದು.

ಸೂಜಿ ತಾಗಿದೊಡನೆ ಚರ್ಮ ತೂತಾಗುವುದಿಲ್ಲ. ಮೊದಲು ಗುಳಿ ಬೀಳುತ್ತದೆ, ತಡೆ ಏರುತ್ತಾ ಹೋಗಿ ಒಮ್ಮೆಲೇ ಬಿಟ್ಟುಕೊಡುತ್ತದೆ. 2004ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಶೆರ್ಗೋಲ್ಡ್ ಮತ್ತು ಫ್ಲೆಕ್ ಎಂಬುವರು ಇದನ್ನು ಲೆಕ್ಕದಿಂದ ವಿವರಿಸಿದರು. ಚೂಪು ಮೊನೆ ಸಣ್ಣ ಸೀಳು ಮಾಡಿಕೊಂಡು ಜಾರುತ್ತದೆ. ಮೊಂಡು ಮೊನೆ ಬಳೆಯಾಕಾರದಲ್ಲಿ ಹರಿದುಕೊಂಡು ಹೋಗುತ್ತದೆ, ಅದಕ್ಕೆ ಹೆಚ್ಚು ಬಲ ಬೇಕು. ಆಲೂಗಡ್ಡೆ ಮೂಟೆ ಹೊಲಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಂಡಾದ ದಬ್ಬಳ ಗೋಣಿಯನ್ನೇ ಒಳಕ್ಕೆ ತಳ್ಳುತ್ತದೆ.

ಸಕ್ಕರೆ ಕಾಯಿಲೆಯವರು ಗಮನಿಸಬೇಕಾದದ್ದು ಇಲ್ಲಿಯೇ. ಖರ್ಚು ಉಳಿಸಲು ಒಂದೇ ಇನ್ಸುಲಿನ್ ಸೂಜಿಯನ್ನು ವಾರಗಟ್ಟಲೆ ಬಳಸುವ ಮನೆಗಳು ಬಹಳ. "ಇನ್ನೂ ಚೂಪಾಗೇ ಇದೆ" ಎನ್ನುತ್ತಾರೆ. ಕಣ್ಣಿಗೆ ಹಾಗೆ ಕಂಡರೂ ಬಳಸುತ್ತಾ ಹೋದಂತೆ ಮೊನೆ ಬಾಗುತ್ತದೆ, ಸಲೀಸಾಗಿ ಜಾರಲೆಂದು ಹಚ್ಚಿರುವ ಸಿಲಿಕೋನ್ ಲೇಪ ಸವೆಯುತ್ತದೆ. ಅಂಥ ಸೂಜಿಯಿಂದ ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಚರ್ಮದಡಿ ಗಂಟು ಕಟ್ಟಬಹುದು. ಗಂಟಿಗೆ ಹಾಕಿದ ಇನ್ಸುಲಿನ್ ರಕ್ತಕ್ಕೆ ಸಮನಾಗಿ ಸೇರದೆ, ಸಕ್ಕರೆ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಇಳಿಯುವುದು ಜೀವಕ್ಕೇ ಅಪಾಯ. ಹೊಸ ಸೂಜಿಗೆ ಹಣದ ತೊಂದರೆಯಿದ್ದರೆ ಸಂಕೋಚ ಬಿಟ್ಟು ನಮಗೆ ತಿಳಿಸಿ.

ಇನ್ನು ಉದ್ದದ ಮಾತು. ದಪ್ಪ ಮೈಯವರಿಗೆ ಉದ್ದ ಸೂಜಿ ಬೇಕೆಂಬ ನಂಬಿಕೆ ಸರಿಯಲ್ಲ. ಇನ್ಸುಲಿನ್ ಚುಚ್ಚುವ ಜಾಗಗಳಲ್ಲಿ ದೊಡ್ಡವರ ಚರ್ಮ ಸುಮಾರು 2 ಮಿ.ಮೀ. ಮಾತ್ರ, ಮೈ ದಪ್ಪವಾದರೆ ಹೆಚ್ಚುವುದು ಬಹುಪಾಲು ಕೊಬ್ಬು. ಪೆನ್ನಿನ 4 ಮಿ.ಮೀ. ಸೂಜಿ ಸಾಕು. ಸಣಕಲು ಮೈಯವರಿಗೆ ಉದ್ದ ಸೂಜಿ ಹಾಕಿದರೆ ಮದ್ದು ಮಾಂಸಖಂಡಕ್ಕೆ ಇಳಿದುಬಿಡಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೂಜಿಯೇ ಇಲ್ಲದೆ ಆಘಾತ ತರಂಗದಿಂದ ಲಸಿಕೆ ಕೊಡುವ ಪ್ರಯೋಗವನ್ನು ಇಲಿಗಳ ಮೇಲೆ ಮಾಡಿ 2011ರಲ್ಲಿ ಪ್ರಕಟಿಸಿದರು. ನಮ್ಮ ವಾರ್ಡಿನಲ್ಲಿ ಈಗಲೂ ಸೂಜಿಯೇ.

ಸೊಂಟಕ್ಕೆ ಇಂಜೆಕ್ಷನ್ ಕೊಡುವಾಗ ಸಿಸ್ಟರ್ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ಬಿಗಿದ ಚರ್ಮದಲ್ಲಿ ಗುಳಿ ಕಡಿಮೆ ಬಿದ್ದು ಸೂಜಿ ಬೇಗ ಇಳಿಯುತ್ತದೆ. ಆಗ ತಾವು ಕಾಲು ಸಡಿಲ ಬಿಟ್ಟು ಮಲಗಿರಿ. ಮನೆಯಲ್ಲಿ ಬಳಸಿದ ಸೂಜಿಗಳನ್ನು ತಿಪ್ಪೆಗೆ ಎಸೆಯದೆ, ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟು ಮುಂದಿನ ತಪಾಸಣೆಗೆ ಬರುವಾಗ ತನ್ನಿ.