ಹುಳುವಿಗೆ ಬರುವ ಜ್ವರ

"ಹುಳ ಜ್ವರಕ್ಕೆ ಕೂತವೆ, ಈಗ ಸೊಪ್ಪು ಹಾಕಂಗಿಲ್ಲ."

ಕನಕಪುರದ ಕಡೆಯ ಹುಳುಮನೆಯೊಂದರಲ್ಲಿ ಈ ಮಾತು ಕಿವಿಗೆ ಬಿದ್ದಾಗ, ಏನು ಔಷಧಿ ಕೊಡುತ್ತೀರಿ ಎಂದು ಕೇಳಿ ನಗೆಪಾಟಲಾದೆ. ರೇಷ್ಮೆ ಸಾಕುವವರ ಬಾಯಲ್ಲಿ ಜ್ವರ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಹೊತ್ತು. ಮೊಟ್ಟೆಯೊಡೆದು ಬಂದ ಹುಳು ಮೂರೂವರೆ ವಾರದಲ್ಲಿ ಸುಮಾರು 10,000 ಪಟ್ಟು ತೂಗುತ್ತದೆ. ಚರ್ಮ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ನಾಲ್ಕು ಸಲ ಅದನ್ನು ಕಳಚಬೇಕು. ಆಗೆಲ್ಲ ಹೆಚ್ಚುಕಡಿಮೆ ಒಂದು ದಿನ ಮೇವು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತಿರುತ್ತದೆ. ನೋಡಿದರೆ ಜ್ವರ ಹಿಡಿದವರ ಹಾಗೆಯೇ.

ಪಠ್ಯಪುಸ್ತಕದಲ್ಲಿ ಇದೇ 'ನಿರ್ಮೋಚನ'. ಹಾವು, ಏಡಿ, ಜಿರಲೆ ಎಲ್ಲಕ್ಕೂ ಸಲ್ಲುವ ಪದ. ಪ್ರಾಣಿಶಾಸ್ತ್ರಕ್ಕೆ ಬೇಕಾದದ್ದೂ ಅಷ್ಟು ಅಗಲವಾದದ್ದೇ. 'ಜ್ವರ' ಹುಳುವಿನ ತಟ್ಟೆ ದಾಟಿ ಆಚೆ ಹೋಗುವುದಿಲ್ಲ, ಆದರೆ ತಟ್ಟೆಯೊಳಗೆ ಮಾಡಬೇಕಾದ ಕೆಲಸವನ್ನೆಲ್ಲ ಹೇಳಿಬಿಡುತ್ತದೆ: ಸೊಪ್ಪು ನಿಲ್ಲಿಸು, ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸು, ಮುಟ್ಟಬೇಡ, ಬಹುಪಾಲು ಹುಳು ಏಳುವ ತನಕ ಕಾಯಿ. ಮೊದಲು ಎದ್ದ ನಾಲ್ಕಾರು ಹುಳುಗಳಿಗೆಂದು ಸೊಪ್ಪು ಹಾಕಿದರೆ ಹಿಂಡು ಏರುಪೇರಾಗಿ, ಕೊನೆಗೆ ಗೂಡು ಕಟ್ಟುವಾಗಲೂ ಒಂದೊಂದು ಒಂದೊಂದು ದಿನ. ಕೈಪಿಡಿ ಬರೆಯುವವರು 'ಜ್ವರ' ಅವೈಜ್ಞಾನಿಕವೆಂದು ಹೊಡೆದುಹಾಕಿ 'ನಿರ್ಮೋಚನ' ಕೂರಿಸಿದರೆ, ಓದುವ ರೈತ ಅದನ್ನು ಮನಸ್ಸಿನಲ್ಲಿ ಮತ್ತೆ ಜ್ವರ ಮಾಡಿಕೊಂಡೇ ಮುಂದೆ ಹೋಗಬೇಕು. ಯಾಕೆ ಈ ಸುತ್ತು?

ಐದನೇ ಹಂತದ ಕೊನೆಗೆ ಹುಳು 'ಹಣ್ಣಾಗುತ್ತದೆ'. ಮೇವು ಬಿಟ್ಟು, ಮೈ ಪಾರದರ್ಶಕವಾಗಿ ಹೊನ್ನಿನ ಬಣ್ಣಕ್ಕೆ ತಿರುಗಿದರೆ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಇಲ್ಲೂ ದಿನಬಳಕೆಯ ಮಾತೇ ಕೆಲಸಕ್ಕೆ ಒದಗಿದೆ.

ರೋಗದ ಹೆಸರುಗಳು ಇನ್ನೂ ಸೊಗಸು. ಸತ್ತ ಹುಳು ಬೆಳ್ಳಗೆ, ಬಳಪದ ಹಾಗೆ ಗಟ್ಟಿಯಾದರೆ ನಮ್ಮವರು 'ಸುಣ್ಣಕಟ್ಟು' ಎನ್ನುತ್ತಾರೆ. ಇಟಲಿಯ ರೈತರು ಇದನ್ನೇ 'ಕಾಲ್ಚಿನೊ' ಎಂದರು, ಅಲ್ಲಿಯೂ ಸುಣ್ಣವೇ! ಇದಕ್ಕೆ ಕಾರಣ ಒಂದು ಶಿಲೀಂಧ್ರ ಎಂದು ಅಗೋಸ್ತಿನೊ ಬಾಸ್ಸಿ 1835ರಲ್ಲಿ ತೋರಿಸಿಕೊಟ್ಟ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂಬುದಕ್ಕೆ ಸಿಕ್ಕ ಮೊದಮೊದಲ ಪುರಾವೆ ಅದು. ನಾವು 'ಗಂಟು ರೋಗ' ಎನ್ನುವುದು ಫ್ರಾನ್ಸಿನಲ್ಲಿ 'ಪೆಬ್ರಿನ್'. ದಕ್ಷಿಣ ಫ್ರಾನ್ಸಿನ ಆಡುನುಡಿಯ ಮೆಣಸಿನಿಂದ ಬಂದ ಹೆಸರು. ಹುಳುವಿನ ಮೈಮೇಲೆ ಕಾಳುಮೆಣಸು ಉದುರಿಸಿದಂತೆ ಚುಕ್ಕೆಗಳು ಏಳುತ್ತವೆ.

ಆ ರೋಗ ಅಲ್ಲಿನ ರೇಷ್ಮೆಯನ್ನು ನೆಲಕಚ್ಚಿಸಿದಾಗ 1865ರಲ್ಲಿ ಲೂಯಿ ಪಾಶ್ಚರ್‌ಗೆ ಕರೆ ಹೋಯಿತು. ಆತ ಅವಿನ್ಯೋನ್‌ನಲ್ಲಿ ಕೀಟತಜ್ಞ ಫಾಬ್ರ್‌ನನ್ನು ಕಾಣಲು ಹೋದ. ಫಾಬ್ರ್ ಬರೆದಿಟ್ಟಿರುವ ಪ್ರಕಾರ, ಪಾಶ್ಚರ್ ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೇನೋ ಇದೆಯಲ್ಲ ಎಂದು ಅಚ್ಚರಿಪಟ್ಟ. ಅದು ಕೋಶ, ಅಂದರೆ ಹುಳು ಚಿಟ್ಟೆಯಾಗುವ ಮುಂಚಿನ ರೂಪ, ಎಂದು ಫಾಬ್ರ್ ಹೇಳಿದರೆ, ಕೋಶವೆಂದರೇನು ಎಂದು ಕೇಳಿದ. ರೇಷ್ಮೆಯನ್ನು ಉಳಿಸಲು ಬಂದವನಿಗೆ ಆ ಕಸುಬಿನ ಮೊದಲ ಪಾಠದ ಪದವೇ ಗೊತ್ತಿರಲಿಲ್ಲ. ಅದನ್ನು ಮುಚ್ಚಿಟ್ಟುಕೊಳ್ಳದೆ ಕೇಳಿದನಲ್ಲ, ಆತನ ದೊಡ್ಡತನ ನನಗೆ ಕಾಣುವುದು ಅಲ್ಲಿ.

ಪಾಶ್ಚರ್ ಕಂಡುಕೊಂಡ ಉಪಾಯ ಸರಳ. ಒಂದೊಂದು ಚಿಟ್ಟೆಯನ್ನೂ ಬೇರೆ ಬೇರೆ ಮೊಟ್ಟೆಯಿಡಲು ಬಿಡುವುದು, ಆಮೇಲೆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡುವುದು. ರೈತರಿಗೆ ಮೊಟ್ಟೆ ಒದಗಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ಇಂದಿಗೂ ನಡೆಯುತ್ತದೆ. ರೈತರ ಎಣಿಕೆಯೂ ತಾಯಿಯ ಲೆಕ್ಕದಲ್ಲೇ. ಅವರು 'ನೂರು ಮೊಟ್ಟೆ ಮೇಯಿಸಿದೀವಿ' ಅನ್ನುವಾಗ ಲೆಕ್ಕ ಹಾಕುತ್ತಿರುವುದು ಬಿಡಿ ಮೊಟ್ಟೆಯನ್ನಲ್ಲ. ಒಂದು ತಾಯಿ ಇಟ್ಟದ್ದೆಲ್ಲ ಸೇರಿ ಅವರಿಗೆ ಒಂದು ಮೊಟ್ಟೆ, ಅದರೊಳಗೆ ನಾನೂರು ಐನೂರು ಮರಿ. ನೂರು ಮೊಟ್ಟೆ ಎಂದರೆ ನಲವತ್ತು ಸಾವಿರಕ್ಕೂ ಮೇಲೆ ಬಾಯಿ. ಜ್ವರ ಎದ್ದ ಮೇಲೆ ಅಷ್ಟಕ್ಕೂ ಒಟ್ಟಿಗೇ ಹಸಿವು.