ಗುಂಡಿ ಹಾಕಲು ತಡವರಿಸುವ ಮಗು ಸೋಮಾರಿಯಲ್ಲ

ಅಂಗಿಯ ಗುಂಡಿ ಹಾಕಲು, ಚೆಂಡು ಹಿಡಿಯಲು, ಗೆರೆಯ ಮೇಲೆ ಬರೆಯಲು ತಡವರಿಸುವ ಮಗುವನ್ನು ಸೋಮಾರಿ ಎಂದು ಜರಿಯುವುದು ಸುಲಭ. ಆದರೆ ಅದು 'ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್', ಅಂದರೆ ಅಂಗಚಲನೆಗಳನ್ನು ಹೊಂದಿಸಿಕೊಳ್ಳುವಲ್ಲಿನ ಬೆಳವಣಿಗೆಯ ತೊಂದರೆ ಇರಬಹುದು. ಶಾಲಾ ವಯಸ್ಸಿನ ಶೇ. 5ರಿಂದ 6ರಷ್ಟು ಮಕ್ಕಳಲ್ಲಿ ಇದು ಕಂಡುಬರುತ್ತದೆ. ಬುದ್ಧಿಮಾಂದ್ಯ ಇದಕ್ಕೆ ಕಾರಣವಲ್ಲ.

ಇದನ್ನು ಒಬ್ಬರೇ ನಿಭಾಯಿಸಲಾಗದು. ನರ, ಸ್ನಾಯು, ದೃಷ್ಟಿದೋಷಗಳು ಕಾರಣವಲ್ಲವೆಂದು ಮಕ್ಕಳ ವೈದ್ಯರು ಖಚಿತಪಡಿಸಿಕೊಳ್ಳಬೇಕು. ಆಕ್ಯುಪೇಷನಲ್ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್‌ಗಳು ಮಗುವಿಗೆ ನಿತ್ಯ ಬೇಕಾದ ಕೆಲಸಗಳನ್ನೇ ಹಂತಹಂತವಾಗಿ ಅಭ್ಯಾಸ ಮಾಡಿಸುತ್ತಾರೆ. ಶಿಕ್ಷಕರು ಬರವಣಿಗೆಯ ಹೊರೆ ತಗ್ಗಿಸಿ, ಹೆಚ್ಚಿನ ಸಮಯ ನೀಡಬೇಕು. ಒಬ್ಬರ ವರದಿ ಇನ್ನೊಬ್ಬರಿಗೆ ತಲುಪದಿದ್ದರೆ ಚಿಕಿತ್ಸಾಲಯದಲ್ಲಿ ಕಲಿತದ್ದು ತರಗತಿಯಲ್ಲಿ ನೆರವಿಗೆ ಬಾರದು.

ಈ ತೊಂದರೆಗೆ ಬಳಕೆಯಲ್ಲಿರುವ ಇನ್ನೊಂದು ಹೆಸರು 'ಡಿಸ್‌ಪ್ರಾಕ್ಸಿಯಾ'. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆಗಳಡಿ ಅದನ್ನೂ ಹೆಸರಿಸಿದೆ. ಆದ್ದರಿಂದ ಪೋಷಕರು ಶಾಲೆಯಿಂದ ನೆರವು ಕೋರಲು ಅಳುಕಬೇಕಿಲ್ಲ.